ಧಾರವಾಡದಿಂದ ಹುಬ್ಬಳ್ಳಿಗೆ ಅಂಗಾಂಗ ದಾನದ ಓಟ: ಓಡಿ ಬಂದವಳ ವಿಮರ್ಶೆ

ಆಗಸ್ಟ್ ತಿಂಗಳ ಮೊದಲ ರವಿವಾರ ಬೆಳಿಗ್ಗೆ, ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಿಂದ ಹುಬ್ಬಳ್ಳಿಯ ನೆಹರೂ ಮೈದಾನದವರೆಗೆ, ಅಂಗಾಂಗ ದಾನದ ಬಗ್ಗೆ ಜನರಲ್ಲಿ ಅರಿವು ಮೂಡಿಸಲೆಂದು ಸ್ಥಳೀಯ ಓಟಗಾರರ ಬಳಗವೊಂದು ಏರ್ಪಡಿಸಿದ್ದ ಹಾಫ್ ಮ್ಯಾರಥಾನಿನಲ್ಲಿ ನಾನು ಓಡಿದೆ. ಮುಂದಿನ ವರ್ಷ ಹೆಸರು ಕೊಡಬೇಕೋ ಬೇಡವೋ ಎಂದು ಕೇಳುತ್ತಿರುವ ಗೆಳತಿಯರಿಗೂ, ಏರ್ಪಾಡು ಮಾಡಿದವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನಾನು ತಟಸ್ಥಳಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ನನ್ನ ತಂಗಿ ಮೂರು ವರ್ಷ, ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ದಿನ ತಳ್ಳಿ, ಕಳೆದ ವರ್ಷ ಮೃತ ದಾನಿಯೊಬ್ಬರ ಮೂತ್ರಪಿಂಡ ಪಡೆದು ಮನೆಗೆ ಮರಳಿದವಳು. ದಾನಿಯ ಹೆಸರನ್ನಾಗಲಿ ಊರನ್ನಾಗಲಿ ಪಡೆದವರಿಗೆ ತಿಳಿಸುವುದಿಲ್ಲ. ಹೀಗಾಗಿ ನಮ್ಮ ಮನೆಯ ದೇವರ ಮುಂದೆ ದಿನವೂ ಹಚ್ಚುವ ದೀಪವೊಂದು ಯಾರ ಹೆಸರಿನದೆಂದು ನಮಗೇ ಗೊತ್ತಿಲ್ಲ. ಅಂಥ ಮನೆತನಗಳ ಪರವಾಗಿ ನಮ್ಮೂರಿನಲ್ಲಿಯೇ ಓಟವಿದೆಯೆಂದು ಕೇಳಿದ ದಿನವೇ ನಾನು ಹಣ ಕಟ್ಟಿದೆ.

ಒಂದು ಉದ್ದೇಶಕ್ಕಾಗಿ ನಡೆಯುವ ಓಟವನ್ನು ಬರೀ ನೀರು, ದಾರಿ, ಪದಕಗಳ ಲೆಕ್ಕದಲ್ಲಿ ತೂಗಿದರೆ ಸಾಲದು. 1980ರಲ್ಲಿ ಕೆನಡಾದ ಟೆರಿ ಫಾಕ್ಸ್ ಎಂಬ ತರುಣ, ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಮೇಲೆ, ಆ ರೋಗದ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ ತನ್ನ ದೇಶದ ಪೂರ್ವ ತೀರದಿಂದ ಓಟ ಆರಂಭಿಸಿದ. ರೋಗ ಮರುಕಳಿಸಿ ನಿಲ್ಲಬೇಕಾಗಿ ಬರುವವರೆಗೆ 143 ದಿನಗಳಲ್ಲಿ 5,373 ಕಿಲೋಮೀಟರು ಕ್ರಮಿಸಿದ. ದಾರಿಯಲ್ಲಿ ಸಿಕ್ಕ ಊರುಗಳಲ್ಲಿ ನಿಂತು, ತಾನು ಓಡುತ್ತಿರುವುದೇಕೆಂದು ಸೇರಿದ ಜನಕ್ಕೆ ತಾನೇ ಹೇಳುತ್ತ ಹೋದದ್ದರಿಂದಲೇ ಆ ಓಟ ಒಂದು ದೇಶದ ಮಾತಾಯಿತು. ನಾನು ನಮ್ಮ ಓಟಕ್ಕೆ ಹಿಡಿದ ಅಳತೆಯೂ ಅದೇ. ರಸ್ತೆ ಬದಿಯಲ್ಲಿ ನಿಂತವರು “ಯಾಕ ಓಡಾಕತ್ತೀರಿ?” ಎಂದು ಕೇಳಿದರೆ ಅವರಿಗೆ ಉತ್ತರ ಸಿಕ್ಕಿತೇ?

ನೋಂದಣಿಯ ಕೆಲಸ ಅಚ್ಚುಕಟ್ಟಾಗಿತ್ತು. ಶುಲ್ಕ 900 ರೂಪಾಯಿ. ಹಿಂದಿನ ದಿನ ಧಾರವಾಡ, ಹುಬ್ಬಳ್ಳಿ ಎರಡೂ ಕಡೆ ಬಿಬ್ (ಎದೆಗೆ ಚುಚ್ಚಿಕೊಳ್ಳುವ ಓಟದ ಸಂಖ್ಯೆಯ ಹಾಳೆ) ವಿತರಣೆ ಇಟ್ಟಿದ್ದರಿಂದ ಯಾರೂ ಒಂದೂರಿನಿಂದ ಇನ್ನೊಂದೂರಿಗೆ ಅಲೆಯಬೇಕಾಗಲಿಲ್ಲ. ಬಿಬ್ಬಿನ ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರು, ಸೇವಿಸುತ್ತಿರುವ ಔಷಧಿಗಳ ಹೆಸರು ಬರೆಯಲು ಜಾಗವಿತ್ತು. ತುಂಬದೆ ಹೊರಟವರನ್ನು ಅಲ್ಲಿಯೇ ಕೂರಿಸಿ, ಪೆನ್ನು ಕೊಟ್ಟು, ತುಂಬಿಸಿಕೊಂಡೇ ಕಳಿಸಿದರು. ದೊಡ್ಡ ಊರುಗಳ ಓಟಗಳಲ್ಲಿಯೂ ಇಷ್ಟು ಕಟ್ಟುನಿಟ್ಟನ್ನು ನಾನು ಕಂಡಿಲ್ಲ. ಟೈಮಿಂಗ್ ಚಿಪ್ಪು, ಟೀ ಶರ್ಟಿನ ಬಟ್ಟೆ, ಚೀಲ ಎಲ್ಲವೂ ಚೆನ್ನಾಗಿದ್ದವು.

ಆದರೆ ಆ ಟೀ ಶರ್ಟಿನ ಬೆನ್ನ ಮೇಲೆ ಪ್ರಾಯೋಜಕರ ಹೆಸರುಗಳೇ ತುಂಬಿದ್ದವು. ಓಟದ ಉದ್ದೇಶ ಎದೆಯ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿತ್ತು. ರಸ್ತೆ ಬದಿಯವರು ಓಡಿಬರುವವರ ಮುಖವನ್ನು ಒಂದು ಕ್ಷಣ ನೋಡಿ, ದಾಟಿಹೋದವರ ಬೆನ್ನನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಆ ಬೆನ್ನಿನ ಮೇಲೆ ಕನ್ನಡದ ಒಂದೇ ಸಾಲು ದಪ್ಪಗೆ ಬರೆಸಿದ್ದರೆ ಅರ್ಧ ಕೆಲಸ ಅದೇ ಮಾಡುತ್ತಿತ್ತು. ಚೀಲದೊಳಗಿನ ಕರಪತ್ರದ್ದೂ ಅದೇ ಕಥೆ. ನುಣುಪು ಕಾಗದ, ಒಳ್ಳೆಯ ಚಿತ್ರಗಳು, ಆದರೆ ಇಡೀ ಕರಪತ್ರ ಇಂಗ್ಲಿಷಿನಲ್ಲಿ. ಜೊತೆಗೆ ನೇತ್ರದಾನವನ್ನೂ ಅಂಗಾಂಗ ದಾನವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿಬಿಟ್ಟಿದ್ದರು. ಇದು ಸಣ್ಣ ತಪ್ಪಲ್ಲ. ಮೂತ್ರಪಿಂಡ, ಯಕೃತ್ತು, ಹೃದಯಗಳನ್ನು ದಾನಿಯ ಮರಣಾನಂತರ ಪಡೆಯಬೇಕಾದರೆ ನಮ್ಮಲ್ಲಿ ಸಾಮಾನ್ಯವಾಗಿ ಆ ಮರಣ ಆಸ್ಪತ್ರೆಯಲ್ಲಿ, ತೀವ್ರ ನಿಗಾ ಘಟಕದಲ್ಲಿ, ಮಿದುಳು ನಿಷ್ಕ್ರಿಯಗೊಂಡು ಆಗಿರಬೇಕು. ಕಣ್ಣಿಗೆ ಆ ನಿಬಂಧನೆಯಿಲ್ಲ. ಮನೆಯಲ್ಲಿ ತೀರಿಕೊಂಡವರ ಕಣ್ಣನ್ನೂ ಆರು ಗಂಟೆಯೊಳಗೆ ನೇತ್ರ ಭಂಡಾರದವರು ಬಂದು ತೆಗೆದುಕೊಂಡು ಹೋಗಬಹುದು. ಎರಡನ್ನೂ ಬೆರೆಸಿದ ಕರಪತ್ರ ಓದಿದವರು, ನಮ್ಮ ಅಜ್ಜ ಮನೆಯಲ್ಲಿ ತೀರಿಕೊಂಡರು, ಇನ್ನೇನೂ ಕೊಡಲಾಗದು ಎಂದು ಸುಮ್ಮನಾಗಿಬಿಡುತ್ತಾರೆ.

ಓಟದ ದಿನ ಹುಬ್ಬಳ್ಳಿಯ ಕಡೆಯವರಿಗೆ ನಸುಕಿನ ನಾಲ್ಕು ಗಂಟೆಗೆ ಬಸ್ಸುಗಳ ಏರ್ಪಾಡು ಮಾಡಿದ್ದರು. ಅವು ಹೇಳಿದ ಹೊತ್ತಿಗೆ ಬಂದವು. ಶ್ರಾವಣದ ಧಾರವಾಡ ದೂರ ಓಡುವವರಿಗೆ ಹೇಳಿ ಮಾಡಿಸಿದ ಊರು. ಮೋಡ ಕವಿದಿತ್ತು, ಜಿಟಿಜಿಟಿ ಮಳೆ ಹನಿಯುತ್ತಿತ್ತು, ಮೈದಾನದ ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. 5.45ಕ್ಕೆ ಓಟ ಬಿಡುವ ಮುನ್ನ ಧ್ವನಿವರ್ಧಕದಲ್ಲಿ ಮಾತಾಡಿದ ವೈದ್ಯರೊಬ್ಬರು ಭಾಷಣ ಮಾಡದೆ ಎರಡೇ ಮಾತು ಹೇಳಿದರು. ದಾನಿಯ ದೇಹದಿಂದ ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಬ್ಬರ ಎದೆಯಲ್ಲಿ ಜೋಡಿಸಬೇಕು. ಇವತ್ತು ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವರಿಗೆ ಕೊಟ್ಟಿರುವ ಗಡುವು ಮೂರೂವರೆ ಗಂಟೆ, ಅಷ್ಟರಲ್ಲಿ ಒಂದು ಹೃದಯದ ಅವಧಿಯ ಬಹುಭಾಗ ಮುಗಿದಿರುತ್ತದೆ. ಆ ಲೆಕ್ಕ ದಾರಿಯುದ್ದಕ್ಕೂ ನನ್ನ ಜೊತೆ ಬಂತು. ಉದ್ಘಾಟನೆಗೆ ಇದಕ್ಕಿಂತ ಒಳ್ಳೆಯ ಮಾತು ಸಿಗಲಾರದು.

ದಾರಿ ಜುಬಿಲಿ ಸರ್ಕಲ್, ಕೋರ್ಟ್ ಸರ್ಕಲ್, ಟೋಲ್ ನಾಕಾ ದಾಟಿ ಹಳೆಯ ಪಿ.ಬಿ. ರಸ್ತೆಯಲ್ಲಿಯೇ ವಿದ್ಯಾಗಿರಿ, ಸತ್ತೂರು, ನವಲೂರು, ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್ ಹಾದು ಹುಬ್ಬಳ್ಳಿಗೆ ಇಳಿಯುತ್ತದೆ. 2018ರಿಂದ ಚಿಗರಿ ಬಸ್ಸುಗಳು ರಸ್ತೆಯ ನಡುವಿನ ಪ್ರತ್ಯೇಕ ಪಥದಲ್ಲಿ ಓಡುತ್ತಿವೆ. ಓಟಕ್ಕೆ ಎಡಗಡೆಯ ಪಥವನ್ನು ಬಿಡಿಸಿಕೊಟ್ಟದ್ದರಿಂದ ಬಸ್ಸಿನ ಸಂಚಾರಕ್ಕೂ ತೊಂದರೆಯಾಗಲಿಲ್ಲ, ನಮಗೂ ಭಯವಿರಲಿಲ್ಲ. ಅಡ್ಡರಸ್ತೆಗಳಲ್ಲಿ ಪೊಲೀಸರು ಬಹಳ ಸಹನೆಯಿಂದ ನಿಂತಿದ್ದರು. ನವಲೂರಿನ ಸೇತುವೆಯ ಏರು ಬಿಟ್ಟರೆ ಹೆಚ್ಚಿನ ದಾರಿ ಇಳಿಜಾರೇ. ಹೀಗಾಗಿ ಇಲ್ಲಿ ಬಂದ ಸಮಯವನ್ನು ಬೇರೆ ಓಟದ ಸಮಯಕ್ಕೆ ಹೋಲಿಸಿ ಯಾರೂ ಬೀಗಬಾರದು. ಅಂತರರಾಷ್ಟ್ರೀಯ ನಿಯಮದಂತೆ ದಾಖಲೆಗೆ ಅರ್ಹವಾದ ದಾರಿ ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚು ಇಳಿಯಕೂಡದು, ಆರಂಭದ ಮತ್ತು ಅಂತ್ಯದ ಗೆರೆಗಳ ನಡುವಿನ ನೇರ ಅಂತರ ಓಟದ ದೂರದ ಅರ್ಧಕ್ಕಿಂತ ಹೆಚ್ಚಿರಕೂಡದು. ನಮ್ಮ ದಾರಿ ಎರಡನ್ನೂ ಮೀರುತ್ತದೆ. ಬಾಸ್ಟನ್ ಮ್ಯಾರಥಾನಿನ ಸಮಯಗಳು ವಿಶ್ವ ದಾಖಲೆಯಾಗದಿರುವುದೂ ಇದೇ ಕಾರಣಕ್ಕೆ. ಅವಳಿ ನಗರಗಳನ್ನು ಒಂದು ಓಟದಲ್ಲಿ ಕೂಡಿಸುವ ಸಂತೋಷ ಬೇಕಾದರೆ ದಾಖಲೆಯ ಆಸೆ ಬಿಡಬೇಕಾಗುತ್ತದೆ. ನನಗದು ಒಪ್ಪಿಗೆಯೇ.

ದೂರದ ಅಳತೆಯ ಬಗ್ಗೆ ಮಾತ್ರ ಒಂದು ಮಾತು. ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರು. ನನ್ನ ಕೈಗಡಿಯಾರ 21.4 ತೋರಿಸಿತು. ಉಪಗ್ರಹವನ್ನು ನಂಬಿದ ಗಡಿಯಾರ ಅಷ್ಟು ತಪ್ಪುವುದು ಇದ್ದದ್ದೇ, ಅದರ ಮೇಲೆ ನಾನು ದೂರು ಕಟ್ಟುವುದಿಲ್ಲ. ಆದರೆ ದಾರಿಯನ್ನು ಅಳೆದದ್ದು ಹೇಗೆಂದು ಕೇಳಿದಾಗ, ಮೋಟರ್ ಸೈಕಲ್ಲಿನ ಮೀಟರಿನಿಂದ ಎಂಬ ಉತ್ತರ ಬಂತು. ಸರಿಯಾದ ಕ್ರಮವೆಂದರೆ, ಉಕ್ಕಿನ ಟೇಪಿನಿಂದ ಅಳೆದ ನೇರ ದೂರದಲ್ಲಿ ಸೈಕಲನ್ನು ಓಡಿಸಿ, ಅದರ ಮುಂದಿನ ಗಾಲಿಗೆ ಜೋಡಿಸಿದ, ಗಾಲಿಯ ಸುತ್ತುಗಳನ್ನು ಎಣಿಸುವ ಜೋನ್ಸ್ ಕೌಂಟರಿನ ಎಣಿಕೆಯನ್ನು ಹೊಂದಿಸಿಕೊಂಡು, ಆಮೇಲೆ ಓಡುವವರು ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ ಅಳೆದು, ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರನ್ನು ಸೇರಿಸುವುದು. ಎರಡು ಬೆಳಗುಗಳ ಕೆಲಸವಿದು. ಸಮಯದ ಪ್ರಮಾಣಪತ್ರ ಕೊಡುವವರು ಇದನ್ನು ಮಾಡಲೇಬೇಕು.

ಇನ್ನು ನೀರು. ಎರಡೂವರೆ ಕಿಲೋಮೀಟರಿಗೊಂದು ಕಡೆ ಮೇಜು ಹಾಕಿದ್ದರು, ಎಲ್ಲಿಯೂ ನೀರು ತೀರಿಹೋಗಲಿಲ್ಲ, ಕೊನೆಯಲ್ಲಿ ಬಂದವರಿಗೂ ಸಿಕ್ಕಿತು. ಏರ್ಪಾಡಿನ ದೃಷ್ಟಿಯಿಂದ ಇದು ಪೂರ್ತಿ ಅಂಕಕ್ಕೆ ಅರ್ಹ. ಆದರೂ ನನಗೆ ಆ ಮೇಜುಗಳನ್ನು ದಾಟುವುದು ಕಷ್ಟವಾಯಿತು. ಡಯಾಲಿಸಿಸಿನ ದಿನಗಳಲ್ಲಿ ನನ್ನ ತಂಗಿಗೆ ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ಎಂದು ವೈದ್ಯರು ಕಟ್ಟು ಹಾಕಿದ್ದರು. ಅವಳು ಬೆಳಿಗ್ಗೆ ಒಂದು ತಂಬಿಗೆಯಲ್ಲಿ ಅಷ್ಟನ್ನು ಅಳೆದಿಟ್ಟುಕೊಂಡು, ಮಧ್ಯಾಹ್ನದ ಮೇಲೆ ತಂಬಿಗೆಯ ತಳ ಕಾಣತೊಡಗಿದರೆ ಒಂದು ಬರ್ಫಿನ ತುಂಡನ್ನು ಬಾಯಲ್ಲಿಟ್ಟುಕೊಂಡು ಕೂಡುತ್ತಿದ್ದಳು. ಆ ಮನೆಯಿಂದ ಬಂದವಳಿಗೆ, ಎರಡು ಗುಟುಕು ಕುಡಿದು ಎಸೆದ ಪ್ಲಾಸ್ಟಿಕ್ ಬಾಟಲಿಗಳು ಸತ್ತೂರಿನಿಂದ ರಾಯಾಪುರದವರೆಗೆ ಚರಂಡಿಯಲ್ಲಿ ಉರುಳುವುದನ್ನು ನೋಡಿ ಸುಮ್ಮನೆ ಮುಂದೆ ಹೋಗಲಾಗುವುದಿಲ್ಲ. ಮೂತ್ರಪಿಂಡ ಕೆಟ್ಟವರ ಹೆಸರಿನಲ್ಲಿ ನಡೆಯುವ ಓಟದಲ್ಲಿ ನೀರನ್ನು ಲೋಟದಲ್ಲಿ, ಬೇಕಾದಷ್ಟೇ ಕೊಡಬೇಕು. ರಾಯಾಪುರದ ಹತ್ತಿರದ ಮೇಜಿನಲ್ಲಿ ಓಆರ್‌ಎಸ್ ಕಲಸುವುದರಲ್ಲಿಯೂ ತಪ್ಪಾಗುತ್ತಿತ್ತು. ಒಂದು ಲೀಟರಿಗೆಂದು ಮಾಡಿದ ಪೊಟ್ಟಣವನ್ನು ಅರ್ಧ ಲೀಟರಿನ ಬಾಟಲಿಗೆ ಸುರಿಯುತ್ತಿದ್ದರು. ಹಾಗೆ ದಪ್ಪಗಾದ ನೀರು ಹೊಟ್ಟೆ ತೊಳಸುವಂತೆ ಮಾಡುತ್ತದೆ, ಉಪ್ಪಿನಂಶವೂ ಮಿತಿ ಮೀರುತ್ತದೆ. ಹೇಳಿದ ಕೂಡಲೇ ಆ ಹುಡುಗರು ತಿದ್ದಿಕೊಂಡರೆಂಬುದನ್ನೂ ಹೇಳಬೇಕು.

ನವಲೂರಿನಲ್ಲಿ ಏರ್ಪಾಡಿನವರದಲ್ಲದ ಒಂದು ಮೇಜಿತ್ತು. ಊರಿನವರೇ ತಮ್ಮ ತೋಟದ ಪೇರಲ ಹಣ್ಣನ್ನು ಹೆಚ್ಚಿ, ಉಪ್ಪು ಉದುರಿಸಿ, ಪರಾತಿನಲ್ಲಿಟ್ಟುಕೊಂಡು ನಿಂತಿದ್ದರು. ಪಕ್ಕದಲ್ಲಿ ಶೇಂಗಾ ಉಂಡಿ. ಓಡುವಾಗ ಪೇರಲ ತಿನ್ನಬಾರದೆಂದು ತಿಳಿದವರು ಹೇಳಬಹುದು. ನಾನು ತಿಂದೆ, ಏನೂ ಆಗಲಿಲ್ಲ.

ಭೈರಿದೇವರಕೊಪ್ಪದ ಹತ್ತಿರ, ಹದಿನೈದನೆಯ ಕಿಲೋಮೀಟರಿನ ಆಸುಪಾಸು, ರಸ್ತೆ ಬದಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯೊಬ್ಬರು ನನ್ನನ್ನು ಕೂಗಿ ಕೇಳಿದರು: “ಯವ್ವಾ, ಮುಂಜಾನಿಂದ ನೋಡಾಕತ್ತೀನಿ, ಯಾಕ ಓಡಾಕತ್ತೀರಿ ಎಲ್ಲಾರೂ?” ನಾನು ಏದುಸಿರಿನಲ್ಲಿ “ಅಂಗಾಂಗ ದಾನಕ್ಕ, ಆಯಿ” ಎಂದೆ. “ಹಂಗಂದ್ರ ಏನವಾ?” ಎಂದು ಅವರು ಕೇಳುವಷ್ಟರಲ್ಲಿ ನಾನು ನಾಲ್ಕು ಹೆಜ್ಜೆ ದಾಟಿದ್ದೆ. ಅವರ ಪಕ್ಕದಲ್ಲಿಯೇ ಬಾವುಟ ಹಿಡಿದು ನಿಂತಿದ್ದ ಸ್ವಯಂಸೇವಕ ಹುಡುಗ “ಮ್ಯಾರಥಾನ್ ಐತಿ ಅಜ್ಜಿ” ಎಂದ. ಅದಕ್ಕಿಂತ ಹೆಚ್ಚಿನದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಡೀ ಓಟದಲ್ಲಿ ನನಗೆ ದೊಡ್ಡದಾಗಿ ಕಂಡ ಕೊರತೆ ಇದು. ನೂರಾರು ಸ್ವಯಂಸೇವಕರಿಗೆ ಎಡಕ್ಕೆ ಕೈ ತೋರಿಸುವುದನ್ನು ಕಲಿಸಿದವರು, ಮೂರು ವಾಕ್ಯ ಹೇಳುವುದನ್ನು ಕಲಿಸಬಹುದಾಗಿತ್ತು.

ಆ ಬೇಸರದಲ್ಲಿಯೇ ಉಣಕಲ್ ಕೆರೆಯ ದಂಡೆಗೆ ಬಂದಾಗ ಕಂಡದ್ದನ್ನು ನಾನು ಮರೆಯಲಾರೆ. ಅಲ್ಲಿಯ ಪೆಂಡಾಲಿನಲ್ಲಿ ಬಾಟಲಿಗಳಿರಲಿಲ್ಲ. ಎರಡು ಹಂಡೆ, ಸಾಲಾಗಿ ಸ್ಟೀಲಿನ ಲೋಟಗಳು, ತೊಳೆಯಲು ಒಂದು ಬಕೀಟು. ನೀರು ಕೊಡುತ್ತಿದ್ದವರು ಅರವತ್ತರ ಆಚೀಚಿನ ಒಬ್ಬ ಹಿರಿಯರು, ಧೋತರ, ಬಿಳಿ ಟೊಪ್ಪಿಗೆ. ಅವರ ಹಿಂದೆ ರಟ್ಟಿನ ಮೇಲೆ ಕೈಯಲ್ಲಿ ಬರೆದ ಫಲಕ: “ನನ್ನ ಮಗನ ಎರಡೂ ಕಿಡ್ನಿ, ಲಿವರ್, ಕಣ್ಣು ಕೊಟ್ಟೇವಿ. ಕೇಳ್ರಿ, ಹೇಳತೇನಿ.” ನನ್ನ ಸಮಯ ಹಾಳಾದರೆ ಆಗಲಿ ಎಂದು ನಿಂತೆ. ನಾನೂ ಪಡೆದವರ ಮನೆಯವಳೆಂದು ಹೇಳಿದೆ. ಅವರು ಏನೂ ಮಾತಾಡದೆ ಇನ್ನೊಂದು ಲೋಟ ನೀರು ತುಂಬಿ ಕೊಟ್ಟರು. ಯಾರೋ ಏನೋ ಎಂದು ಒಂದು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ನಮಸ್ಕಾರವನ್ನು ನಾನು ಅಲ್ಲಿ, ಬೇರೆ ಮನೆತನದ ಆ ಹಿರಿಯರಿಗೆ ಮಾಡಿ ಬಂದೆ.

ಅವರ ಪಕ್ಕದ ಮೇಜಿನಲ್ಲಿ ನರ್ಸಿಂಗ್ ಕಲಿಯುವ ಇಬ್ಬರು ಹುಡುಗಿಯರಿದ್ದರು. ಬೆಳಗಿನ ವಾಯುವಿಹಾರಕ್ಕೆ ಬಂದವರು ಸುತ್ತ ನಿಂತು ಕೇಳುತ್ತಿದ್ದ ಪ್ರಶ್ನೆಗಳು ಕಠಿಣವಾದವೇ. ಎದೆ ಬಡಿದುಕೊಳ್ಳುತ್ತಿರುವಾಗ ಮನುಷ್ಯ ಸತ್ತನೆಂದು ಹೇಗೆ ಹೇಳುತ್ತೀರಿ? ಕೋಮಾದಿಂದ ಎದ್ದು ಬಂದವರಿಲ್ಲವೇ? ಆ ಹುಡುಗಿಯರ ಉತ್ತರ ಸ್ಪಷ್ಟವಾಗಿತ್ತು. ಕೋಮಾದಲ್ಲಿ ಮಿದುಳಿಗೆ ಜೀವವಿರುತ್ತದೆ, ಎಚ್ಚರವಾಗುವ ಸಾಧ್ಯತೆ ಇರಬಹುದು. ಮಿದುಳುಕಾಂಡ ಸತ್ತ ಮೇಲೆ ಸ್ವಂತ ಉಸಿರಾಟ ಮರಳುವುದಿಲ್ಲ, ವೆಂಟಿಲೇಟರು ಗಾಳಿ ತುಂಬುತ್ತಿರುವಷ್ಟು ಹೊತ್ತು ಮಾತ್ರ ಹೃದಯ ಬಡಿಯುತ್ತದೆ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಮಾಡಬೇಕು. ಆಮೇಲೂ ಮನೆಯವರು ಒಪ್ಪಿದರೆ ಮಾತ್ರ ಮುಂದಿನ ಮಾತು. ಒಬ್ಬ ದಾನಿಯಿಂದ ಎಂಟು ಜನರವರೆಗೆ ಜೀವ ಉಳಿಯಬಹುದು. ಗುಂಪಿನಲ್ಲಿ ಯಾರೋ ಸಂಚಾರಿ ವಿಜಯ್ ಅವರ ಹೆಸರು ತೆಗೆದರು. 2021ರ ಜೂನಿನಲ್ಲಿ ಅಪಘಾತದ ನಂತರ ಆ ನಟನ ಮನೆಯವರು ಅಂಗಾಂಗಗಳನ್ನು ದಾನ ಮಾಡಿದ್ದು ಅಲ್ಲಿದ್ದವರಲ್ಲಿ ಹಲವರಿಗೆ ನೆನಪಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದಂತೂ ಎಲ್ಲರಿಗೂ ಗೊತ್ತಿದ್ದ ಮಾತು. ಕರಪತ್ರ ಬೆರೆಸಿದ್ದನ್ನು ಆ ಹುಡುಗಿಯರು ಈ ಎರಡು ಉದಾಹರಣೆಗಳಿಂದಲೇ ಬಿಡಿಸಿ ಹೇಳಿದರು: ಒಬ್ಬರದು ಮಿದುಳು ಸಾವಿನ ನಂತರದ ಅಂಗಾಂಗ ದಾನ, ಇನ್ನೊಬ್ಬರದು ಹೃದಯ ನಿಂತ ಮೇಲಿನ ನೇತ್ರದಾನ. ಇಂಥ ಪೆಂಡಾಲು ಒಂದೇ ಇದ್ದದ್ದು, ಅದೂ ಹದಿನಾರು ಕಿಲೋಮೀಟರು ಕಳೆದ ಮೇಲೆ ಇದ್ದದ್ದು ಯಾಕೆಂದು ನನಗೆ ತಿಳಿಯದು. ಟೋಲ್ ನಾಕಾದಲ್ಲಿ ಒಂದು, ನವನಗರದಲ್ಲಿ ಒಂದು, ಹೊಸೂರಿನಲ್ಲಿ ಒಂದು ಇದ್ದಿದ್ದರೆ ಈ ವಿಮರ್ಶೆಯ ಅರ್ಧ ದೂರುಗಳು ಇರುತ್ತಿರಲಿಲ್ಲ.

ವೈದ್ಯಕೀಯ ಏರ್ಪಾಡಿನಲ್ಲಿ ಎರಡು ಆಂಬುಲೆನ್ಸುಗಳು ಓಟದ ಜೊತೆಗೇ ಸಾಗುತ್ತಿದ್ದವು. ವಿದ್ಯಾನಗರದಲ್ಲಿ ತಲೆಸುತ್ತಿ ಕೂತ ಒಬ್ಬರನ್ನು ಎರಡು ನಿಮಿಷದೊಳಗೆ ನೋಡಿಕೊಂಡರು. ಆದರೆ ಅಲ್ಲಿಯ ಮೇಜಿನಲ್ಲಿ ಮೊಣಕಾಲು ನೋವೆಂದು ಬಂದವರಿಗೆಲ್ಲ, ಬಿಬ್ ತಿರುಗಿಸಿ ಓದುವ ಗೋಜಿಗೂ ಹೋಗದೆ, ನೋವಿನ ಮಾತ್ರೆ ಕೊಡುತ್ತಿದ್ದರು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ದೂರ ಓಡುವವರು ಓಟದ ಮೊದಲು ಮತ್ತು ನಡುವೆ ಇವನ್ನು ನುಂಗಬಾರದೆಂದು ಬಲ್ಲ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಬೇರೆ ಯಾವ ಓಟದಲ್ಲಿ ನಡೆದರೂ ನಡೆಯಲಿ, ಈ ಓಟದಲ್ಲಿ ಇದು ನಡೆಯಬಾರದಿತ್ತು. ಇದನ್ನು ನಾನು ಸಂಘಟಕರಿಗೆ ಪತ್ರ ಬರೆದು ತಿಳಿಸಿದ್ದೇನೆ. ಮುಂದಿನ ಸಲ ಆ ಮೇಜಿನಲ್ಲಿ ಮಾತ್ರೆಯ ಬದಲು ಬರ್ಫು ಮತ್ತು ಕೂಡಲು ಕುರ್ಚಿ ಇರುತ್ತವೆಂದು ಉತ್ತರ ಬಂದಿದೆ.

ಹೆಂಗಸರಿಗೆ ಶೌಚಾಲಯಗಳು ಸಾಲಲಿಲ್ಲ. ಆರಂಭದ ಮೈದಾನದಲ್ಲಿ ಇದ್ದವು, ಆಮೇಲೆ ನವನಗರದವರೆಗೆ ಒಂದೂ ಕಾಣಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಓಡುವ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು ಇದೇ ಕಾರಣಕ್ಕೆ.

ನನ್ನ ತಂಗಿ ಉಣಕಲ್ ಕೆರೆಯಿಂದ ಹೊರಟ ಐದು ಕಿಲೋಮೀಟರಿನ ನಡಿಗೆಯಲ್ಲಿದ್ದಳು. ಕಸಿ ಮಾಡಿಸಿಕೊಂಡವರು ಆಟವಾಡಬಾರದೆಂಬುದು ನಮ್ಮಲ್ಲಿ ಹಲವರ ನಂಬಿಕೆ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಕಸಿ ಪಡೆದವರಿಗಾಗಿಯೇ ಕ್ರೀಡಾಕೂಟ ಆರಂಭವಾಗಿ ಇಂದು ವಿಶ್ವಮಟ್ಟದಲ್ಲಿ ನಡೆಯುತ್ತಿದೆ ಎಂಬುದನ್ನು ಆ ದಿನ ನಿರೂಪಕರು ಹೇಳಿದ್ದು ಬಹಳ ಸಮಯೋಚಿತವಾಗಿತ್ತು. ಕೊರತೆಯೆಂದರೆ, ಕಸಿ ಪಡೆದವರನ್ನೂ ಉಳಿದವರನ್ನೂ ಒಂದೇ ಕಿರಿದಾದ ಬೇಲಿಯೊಳಗೆ ಅರ್ಧ ಗಂಟೆ ಒತ್ತೊತ್ತಾಗಿ ನಿಲ್ಲಿಸಿದರು. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಇವರು ಪ್ರತಿ ಹನ್ನೆರಡು ಗಂಟೆಗೊಮ್ಮೆ, ಜೀವಮಾನವಿಡೀ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರು. ಪಕ್ಕದವರ ಸಾದಾ ಕೆಮ್ಮು ಇವರಿಗೆ ಆಸ್ಪತ್ರೆಯ ದಾರಿಯಾಗಬಹುದು. ಅವರನ್ನು ಹತ್ತು ನಿಮಿಷ ಮೊದಲು, ಬೇರೆಯಾಗಿ ಬಿಟ್ಟರೆ ಸಾಕಿತ್ತು. ಅವಳು ಮಾಸ್ಕ್ ತೆಗೆಯದೆ ನಡೆದಳು. ಎಂಟು ಗಂಟೆಗೆ ಗಡಿಯಾರ ಕೂಗಿದಾಗ ವಿದ್ಯಾನಗರದ ಬಸ್ ನಿಲ್ದಾಣದ ಪಕ್ಕ ನಿಂತು ಮಾತ್ರೆ ನುಂಗಿ ಮತ್ತೆ ನಡೆದಳು. ನೆಹರೂ ಮೈದಾನದ ಗೆರೆಯನ್ನು ನನಗಿಂತ ಹತ್ತು ನಿಮಿಷ ತಡವಾಗಿ ದಾಟಿದಳು. ಆ ಹತ್ತು ನಿಮಿಷ ನಾನು ಬೇರೆ ಏನನ್ನೂ ಗಮನಿಸಲಿಲ್ಲ. ಹೀಗಾಗಿ ಅಂತ್ಯದ ಏರ್ಪಾಡಿನ ಬಗ್ಗೆ ನನ್ನ ಮಾತನ್ನು ಸ್ವಲ್ಪ ರಿಯಾಯಿತಿ ಕೊಟ್ಟು ಓದಬೇಕು. ಉಪ್ಪಿಟ್ಟು ಬಿಸಿಯಿತ್ತು, ಮಜ್ಜಿಗೆ ಹದವಾಗಿತ್ತು.

ಅಂಗಾಂಗ ದಾನದ ಪ್ರತಿಜ್ಞಾ ಪತ್ರ ತುಂಬುವ ಮಳಿಗೆ ಮೈದಾನದ ದೂರದ ಮೂಲೆಯಲ್ಲಿ, ಪದಕ ಕೊಡುವ ಸ್ಥಳಕ್ಕೆ ಬೆನ್ನು ಹಾಕಿದಂತೆ ಇತ್ತು. ದಣಿದವರು ಪದಕ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬಸ್ಸಿನ ಕಡೆ ಹೋದರು. ಅಲ್ಲಿಗೆ ಹೋದವರು ಕೆಲವರೇ. ಮೊಬೈಲಿನಲ್ಲಿ ಆಧಾರ್ ಸಂಖ್ಯೆ ಕೊಟ್ಟು ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆಯಾದ ನೊಟ್ಟೊದ ಜಾಲತಾಣದಲ್ಲಿ ನೋಂದಾಯಿಸುವ ಕ್ರಮ ಸರಳವಾಗಿದೆ. ನಮ್ಮ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿಯೂ ಹೆಸರು ಕೊಡಬಹುದು. ಆದರೆ ಆ ಮಳಿಗೆಯವರು ಚೀಟಿಯನ್ನು ಕೈಗಿತ್ತು ಅಭಿನಂದಿಸಿದರೇ ಹೊರತು ಮುಖ್ಯ ಮಾತೊಂದನ್ನು ಹೇಳಲಿಲ್ಲ. ಕಿಸೆಯ ಚೀಟಿ ಏನೇ ಹೇಳಲಿ, ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರನ್ನು. ಗಂಡನಿಗೆ, ಹೆಂಡತಿಗೆ, ಮಕ್ಕಳಿಗೆ ಮೊದಲೇ ಹೇಳಿರದಿದ್ದರೆ, ದುಃಖದಲ್ಲಿರುವವರು ಮೊದಲು ಹೇಳುವ ಮಾತು ಬೇಡವೆಂಬುದೇ. ಈ ಪತ್ರವನ್ನು ನೋಂದಣಿಯ ಹೊತ್ತಿನಲ್ಲಿಯೇ ಕಳಿಸಿ, ಮನೆಯವರೊಬ್ಬರ ಸಹಿ ಹಾಕಿಸಿಕೊಂಡು ಬಿಬ್ ಪಡೆಯುವಾಗ ತರುವಂತೆ ಮಾಡಿದರೆ, ಪ್ರತಿ ಓಟಗಾರರ ಮನೆಯಲ್ಲಿ ಒಂದು ಸಂಜೆಯ ಮಾತುಕತೆ ಆಗಿಯೇ ಆಗುತ್ತದೆ. ಸಹಿ ಇಲ್ಲದವರಿಗೂ ಬಿಬ್ ಕೊಡಲಿ, ಒತ್ತಾಯ ಬೇಡ.

ಹಣದ ಬಗ್ಗೆಯೂ ಕೇಳಲೇಬೇಕು. ಶುಲ್ಕದ ಒಂದು ಪಾಲು ಬಡ ರೋಗಿಗಳ ಔಷಧಿಗೆ ಹೋಗುತ್ತದೆ ಎಂದು ಅರ್ಜಿಯಲ್ಲಿತ್ತು. ಎಷ್ಟು ಪಾಲು, ಯಾರ ಮೂಲಕ, ಯಾವಾಗ ಎಂದಿರಲಿಲ್ಲ. ಇವರ ಪ್ರಾಮಾಣಿಕತೆಯ ಮೇಲೆ ನನಗೆ ಸಂಶಯವಿಲ್ಲ. ಆದರೂ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಲಿ.

ಒಟ್ಟಿನಲ್ಲಿ, ಓಟವಾಗಿ ಇದು ಅವಳಿ ನಗರದಲ್ಲಿ ನಾನು ಓಡಿದವುಗಳಲ್ಲಿ ಅತ್ಯುತ್ತಮ. ಮುಂದಿನ ವರ್ಷವೂ ಹೆಸರು ಕೊಡುತ್ತೇನೆ, ನೀವೂ ಕೊಡಿ. ಅರಿವಿನ ಕೆಲಸವಾಗಿ ಇದಕ್ಕೆ ನಾನು ಕೊಡುವ ಅಂಕ ಉಣಕಲ್ಲಿನ ಆ ಪೆಂಡಾಲಿಗೆ ಸಲ್ಲುವ ಅಂಕವಷ್ಟೇ.

ಹಿಂದಿರುಗುವಾಗ ತಂಗಿಯನ್ನು ಧಾರವಾಡದ ಕಡೆಯ ಚಿಗರಿಯಲ್ಲಿ ಕೂರಿಸಿ, ನಾನು ಭೈರಿದೇವರಕೊಪ್ಪದಲ್ಲಿ ಇಳಿದುಕೊಂಡೆ. ಅಜ್ಜಿಯ ಬುಟ್ಟಿಯಲ್ಲಿ ಸೇವಂತಿಗೆಯ ಎರಡು ಮಾಲೆ ಉಳಿದಿದ್ದವು. ಪಕ್ಕದಲ್ಲಿ ಕೂತು ಆ ಇಂಗ್ಲಿಷ್ ಕರಪತ್ರವನ್ನು ಬಿಚ್ಚಿ, ಬೆರೆಸಿದ್ದನ್ನು ಬೇರೆ ಮಾಡುತ್ತ, ನಮ್ಮ ಮಾತಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ, “ನನಗ ಕಣ್ಣಿನ ಪೊರಿ ತಗಿಸ್ಯಾರ, ವಯಸ್ಸೂ ಆಗೈತಿ. ಇಂಥಾ ಕಣ್ಣು ಕೊಡಾಕ ಬರ್ತೈತೇನು?” ಎಂದರು. ಬರುತ್ತದೆ ಎಂದೆ. ವಯಸ್ಸಿನ ಅಡ್ಡಿಯಿಲ್ಲ, ಪೊರೆ ತೆಗೆಸಿದವರೂ ಕನ್ನಡಕದವರೂ ಸಕ್ಕರೆ ಕಾಯಿಲೆಯವರೂ ಕೊಡಬಹುದು. ಜೀವ ಹೋದ ಮೇಲೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನು ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟು, ಕೂಡಲೇ ಫೋನು ಮಾಡಬೇಕು. ಅವರು ಮಾಲೆಯ ಮೇಲೆ ನೀರು ಚಿಮುಕಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇದನ್ನ ನನ್ನ ಮಗಗ ಹೇಳವಾ. ಫೋನು ಮಾಡಾಂವ ಅವನ. ಹನ್ನೆರಡಕ್ಕ ಬುಟ್ಟಿ ಒಯ್ಯಾಕ ಬರ್ತಾನ” ಎಂದರು. ಆಗ ಹನ್ನೊಂದೂ ಕಾಲು. ನಾನು ಅಲ್ಲಿಯೇ ಕೂತೆ.